ಸಕರಾತ್ ಎಂದು ಕೈಕಟ್ಟಿ ನಿಲ್ಲದಿರೋಣ
(ಸಾಯಗಾಂವದಲ್ಲಿ ಮಾಡಿದ ಭಾಷಣದ ಬರಹರೂಪ)



2021ರ ಅಕ್ಟೋಬರ್ 29ರಂದು ನಟ ಪುನೀತ್ ರಾಜ್‌ಕುಮಾರ್ ನಿಧನರಾದಾಗ ಅವರಿಗೆ ಕೇವಲ 46 ವರ್ಷ. ಹೃದಯಸ್ತಂಭನವೆಂಬ ಪದವು ಅಂದು ನಾಡಿನ ಮನೆಮನೆಯನ್ನು ತಲುಪಿತು. ಅದರ ಅರ್ಥ ತಲುಪಿತೇ? ಹೃದಯಾಘಾತವೆಂದರೆ ಹೃದಯದ ರಕ್ತನಾಳ ಮುಚ್ಚಿಕೊಳ್ಳುವುದು. ಆಗಲೂ ರೋಗಿಯು ಮಾತಾಡುತ್ತಿರಬಹುದು. ಸ್ತಂಭನವೆಂದರೆ ಹೃದಯವು ರಕ್ತವನ್ನು ತಳ್ಳುವುದನ್ನೇ ನಿಲ್ಲಿಸುವುದು. ಎಷ್ಟೋ ಬಾರಿ ಮೊದಲನೆಯದೇ ಎರಡನೆಯದಕ್ಕೆ ಕಾರಣವಾಗುತ್ತದೆ. ಹೃದಯದ ವಿದ್ಯುತ್ ಲಯ ಕೆಟ್ಟು, ಕೆಳಗಿನ ಕೋಣೆಗಳು ಸಂಕುಚಿಸುವ ಬದಲು ಬರಿದೇ ಅದುರುತ್ತವೆ. ವೈದ್ಯರು ಇದನ್ನು ವೆಂಟ್ರಿಕ್ಯುಲರ್ ಫಿಬ್ರಿಲೇಶನ್ ಎನ್ನುತ್ತಾರೆ. ಕೆಲವೇ ಸೆಕೆಂಡುಗಳಲ್ಲಿ ಪ್ರಜ್ಞೆ ತಪ್ಪುತ್ತದೆ.

ನಮ್ಮ ಪ್ರಮಾದ ಆರಂಭವಾಗುವುದು ಇಲ್ಲಿಯೇ. ಬಿದ್ದ ವ್ಯಕ್ತಿಯು ಆಗೊಮ್ಮೆ ಈಗೊಮ್ಮೆ ಬಾಯ್ತೆರೆದು ಏದುಸಿರು ಬಿಡುವುದುಂಟು. ಅದನ್ನು ಸಕರಾತ್ ಎಂದು ಭಾವಿಸಿ ನಾವು ಕಲಿಮಾ ಹೇಳುತ್ತಾ ಬಾಯಿಗೆ ನೀರು ಬಿಡುತ್ತೇವೆ. ಆ ನೀರು ಶ್ವಾಸನಾಳವನ್ನು ಸೇರಬಹುದು. ಮರಣವು ಅಲ್ಲಾಹನ ಕೈಯಲ್ಲಿದೆ, ನಿಜ. ಆದರೆ ಅವನ ತೀರ್ಮಾನವನ್ನು ನಾವೇ ಮುಂಚಿತವಾಗಿ ಘೋಷಿಸಲು ಅಧಿಕಾರ ಕೊಟ್ಟವರು ಯಾರು?

ಕರೆದರೆ ಓಗೊಡದ, ಸರಿಯಾಗಿ ಉಸಿರಾಡದ ವ್ಯಕ್ತಿಯನ್ನು ಕಂಡೊಡನೆ ಒಬ್ಬರು 108ಕ್ಕೆ ಕರೆಮಾಡಲಿ. ಇನ್ನೊಬ್ಬರು ಎದೆಯ ನಡುವೆ ಎರಡೂ ಅಂಗೈಗಳನ್ನಿಟ್ಟು, ಎದೆಯು 5ರಿಂದ 6 ಸೆಂಟಿಮೀಟರ್ ತಗ್ಗುವಂತೆ, ನಿಮಿಷಕ್ಕೆ 100ರಿಂದ 120 ಬಾರಿ ಒತ್ತಲಿ. ದಣಿದರೆ ಮತ್ತೊಬ್ಬರು ಮುಂದುವರಿಸಲಿ. ಮೆದುಳಿಗೆ ರಕ್ತ ಹರಿಯಲು ಇದೊಂದೇ ದಾರಿ. ಕೆಟ್ಟ ಲಯವನ್ನು ಸರಿಪಡಿಸುವುದು ವಿದ್ಯುತ್ ಆಘಾತ; ಎದೆಯೊತ್ತುವಿಕೆಯೂ ಇಲ್ಲದೆ ಅದು ತಡವಾದರೆ, ಬದುಕುವ ಸಾಧ್ಯತೆಯು ಪ್ರತಿ ನಿಮಿಷಕ್ಕೆ ಶೇಕಡಾ 7ರಿಂದ 10ರಷ್ಟು ಕುಗ್ಗುತ್ತದೆ.

ಪರಸ್ತ್ರೀಯನ್ನು ಮುಟ್ಟಬಹುದೇ ಎಂದು ಕೆಲವರು ಕೇಳುತ್ತಾರೆ. ಪ್ರಾಣಾಪಾಯದಲ್ಲಿ ನಿಷಿದ್ಧವೂ ಸಮ್ಮತವಾಗುತ್ತದೆಂಬ ಫಿಕ್‌ಹ್ ನಿಯಮವನ್ನು ಅರಿತವರು ಹೀಗೆ ಕೇಳಲಾರರು. ಆದರೂ ಸಹೋದರಿಯರು ಈ ತರಬೇತಿಯನ್ನು ಪಡೆದರೆ ಆ ಅಳುಕೇ ಇರುವುದಿಲ್ಲ.

ಸರಕಾರಕ್ಕೂ ಒಂದು ಮಾತು. ಪುನೀತ್ ಹೆಸರಿನ ಹೃದಯಜ್ಯೋತಿ ಯೋಜನೆಯು ತಾಲೂಕು ಆಸ್ಪತ್ರೆಯ ಇಸಿಜಿಯನ್ನು ಜಯದೇವದಂಥ ಸಂಸ್ಥೆಯ ತಜ್ಞರಿಗೆ ತಲುಪಿಸಿ, ಹೆಪ್ಪು ಕರಗಿಸುವ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ಕೊಡುತ್ತದೆ. ಇದು ಶ್ಲಾಘನೀಯ. ಆದರೆ ಅದು ಹೃದಯಾಘಾತದ ಮದ್ದು. ಅದನ್ನು ಪಡೆಯಲು ರೋಗಿಯು ಜೀವಂತವಾಗಿ ಭಾಲ್ಕಿಯನ್ನು ಮುಟ್ಟಬೇಕಲ್ಲ! ವಿದ್ಯುತ್ ಆಘಾತ ನೀಡುವ ಎ.ಇ.ಡಿ. ಯಂತ್ರವು ಲಯವನ್ನು ತಾನೇ ಪರೀಕ್ಷಿಸಿ, ಮಾಡಬೇಕಾದುದನ್ನು ತಾನೇ ಹೇಳುತ್ತದೆ. ಸಾಮಾನ್ಯನೂ ಅದನ್ನು ಬಳಸಬಲ್ಲ. 371(ಜೆ) ವಿಧಿಯ ವಿಶೇಷ ಸ್ಥಾನವುಳ್ಳ ಈ ಪ್ರದೇಶದ ಹೋಬಳಿಗಳಿಗೆ ಅಂಥದೊಂದು ಯಂತ್ರ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ, ಶಾಸಕರಿಗೆ ಕಳುಹಿಸಿ.

ಈಗ ಯುವಕರಿಬ್ಬರು ಮುಂದೆ ಬನ್ನಿ. ಈ ಗಟ್ಟಿ ದಿಂಬಿನ ಮೇಲೆ ಕೈಯಿಡಿ, ಮೊಣಕೈ ಮಡಚಬೇಡಿ. ನಾನು ಎಣಿಸುತ್ತೇನೆ.