ಬಿಡುವಿಲ್ಲದ ದಿನದೊಳಗಿನ ಸಂತೋಷ

(ಗ್ರಾಮ ಪಂಚಾಯತಿ ಸದಸ್ಯರ ಸಭೆಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿ ಸದಸ್ಯರ ದಿನವು ಕಚೇರಿ ತೆರೆಯುವ ವೇಳೆಗೆ ಆರಂಭವಾಗುವುದಿಲ್ಲ. ಬೆಳಗಿನ ಜಾವ ಹೊಲಕ್ಕೆ ನೀರು ಹಾಯಿಸುತ್ತಿರುವಾಗಲೋ, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿರುವಾಗಲೋ ಮೊದಲ ಕರೆ ಬರುತ್ತದೆ: ಮೋಟಾರು ಸುಟ್ಟಿದೆ, ಬೀದಿ ದೀಪ ಉರಿಯುತ್ತಿಲ್ಲ, ಚರಂಡಿ ಕಟ್ಟಿಕೊಂಡಿದೆ. ನಮ್ಮ ರಾಜ್ಯದಲ್ಲಿ ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯರಂತೆ ಪಂಚಾಯತಿಗಳು ರಚನೆಯಾಗಿವೆ. ಆ 400 ಜನರಿಗೂ ಸದಸ್ಯರ ಮನೆಯ ಬಾಗಿಲು ಗೊತ್ತು. ಅದನ್ನು ತಟ್ಟುವುದಕ್ಕೆ ಹೊತ್ತುಗೊತ್ತಿನ ಹಂಗಿಲ್ಲ. ಸದಸ್ಯ ಸ್ಥಾನಗಳಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಮನೆ, ಹೊಲ, ಸಭೆ ಈ ಮೂರನ್ನೂ ಒಂದೇ ದಿನದಲ್ಲಿ ಹೊಂದಿಸಿಕೊಂಡು ಹೋಗುವವರು ಅವರು.

ಇಂತಹ ಬದುಕಿನಲ್ಲಿ ಸಂತೋಷವನ್ನು ಮುಂದೂಡುವ ಅಭ್ಯಾಸ ತಾನಾಗಿಯೇ ಬೆಳೆಯುತ್ತದೆ. ರಸ್ತೆಯ ಕಾಮಗಾರಿ ಮುಗಿಯಲಿ, ಮಗಳ ಮದುವೆ ಆಗಲಿ, ಅವಧಿ ಪೂರೈಸಲಿ, ಆಮೇಲೆ ನೆಮ್ಮದಿ ಎಂದು ಮನಸ್ಸು ಹೇಳುತ್ತದೆ. ಅವಧಿಯಾದರೋ 5 ವರ್ಷ. ಅದು ಮುಗಿದ ಮೇಲೆ ಹಿಂದಿರುಗಿ ನೋಡಿದರೆ ದೂರುಗಳ ಹೊರತು ಬೇರೇನೂ ನೆನಪಿಗೆ ಬಾರದಿರುವುದು ದೊಡ್ಡ ನಷ್ಟವೇ ಸರಿ.

ಇದಕ್ಕೆ ಸರಳವಾದ ಕಾರಣವೊಂದಿದೆ. ಕೆಟ್ಟ ಮೋಟಾರಿನ ಸುದ್ದಿ ಸದಸ್ಯರಿಗೆ ತಕ್ಷಣ ತಲುಪುತ್ತದೆ. ಸರಿಯಾಗಿ ನಡೆಯುತ್ತಿರುವ ಮೋಟಾರಿನ ಬಗ್ಗೆ ಯಾರೂ ಕರೆ ಮಾಡುವುದಿಲ್ಲ. ಒಡೆದ ಪೈಪು ಸದ್ದು ಮಾಡುತ್ತದೆ. ಸರಿಯಿರುವ ಪೈಪು ನೆಲದೊಳಗೆ ಮೌನವಾಗಿರುತ್ತದೆ. ಹೀಗಾಗಿ ದೂರುಗಳನ್ನಷ್ಟೇ ಕೇಳುವ ಕಿವಿಗೆ ಊರೆಲ್ಲ ಕೆಟ್ಟಿದೆಯೆಂದೇ ಅನ್ನಿಸುತ್ತದೆ. ಒಳ್ಳೆಯದು ತಾನಾಗಿ ಬಂದು ಬಾಗಿಲು ತಟ್ಟುವುದಿಲ್ಲ. ಅದಿರುವಲ್ಲಿಗೆ ಹೋಗಿ ನೋಡಬೇಕಾಗುತ್ತದೆ.

ಒಂದು ಲೆಕ್ಕವನ್ನು ಗಮನಿಸಬಹುದು. ಜಲ ಜೀವನ್ ಮಿಷನ್ ಯೋಜನೆಯ ಗುರಿ ಒಬ್ಬರಿಗೆ ದಿನಕ್ಕೆ 55 ಲೀಟರ್ ನೀರು. ಐವರ ಕುಟುಂಬಕ್ಕೆ 275 ಲೀಟರ್ ಆಗುತ್ತದೆ. ಕೊಡವೊಂದಕ್ಕೆ 15 ಲೀಟರ್ ಎಂದು ಹಿಡಿದರೆ ಅದು 18 ಕೊಡಕ್ಕೂ ಹೆಚ್ಚು. ಮನೆಯಂಗಳದ ನಲ್ಲಿಯಲ್ಲಿ ನೀರು ಬಂದ ದಿನ ಅಷ್ಟು ಕೊಡಗಳ ಭಾರ ಒಬ್ಬ ತಾಯಿಯ ಸೊಂಟದಿಂದ ಇಳಿಯಿತೆಂದೇ ಅರ್ಥ. ವರದಿಯ ನಮೂನೆಯಲ್ಲಿ ಅದು ಒಂದು ಅಂಕಿ ಮಾತ್ರ. ಆ ಅಂಗಳದಲ್ಲಿ ಎರಡು ನಿಮಿಷ ನಿಂತವರಿಗೆ ಅದು ಕಣ್ಣಾರೆ ಕಾಣುವ ಸಂತೋಷ. ಕೂಸಿನ ಮನೆಯಲ್ಲಿ ನೆಮ್ಮದಿಯಾಗಿ ಮಲಗಿರುವ ಕೂಲಿಕಾರ ತಾಯಿಯ ಮಗು, ಅರಿವು ಕೇಂದ್ರದಲ್ಲಿ ಬೆರಳಿಟ್ಟು ಅಕ್ಷರ ಕೂಡಿಸಿ ಓದುವ ಬಾಲಕಿ, ಇವೆಲ್ಲವೂ ಪಂಚಾಯತಿಯ ಕೆಲಸದ ಫಲಗಳೇ. ಸಹಿ ಹಾಕಿದವರು ಅವನ್ನು ನೋಡದೇ ಹೋದರೆ ದುಡಿಮೆ ಮಾತ್ರ ಅವರ ಪಾಲಿಗೆ ಉಳಿಯುತ್ತದೆ, ಫಲದ ಸವಿ ಉಳಿಯುವುದಿಲ್ಲ.

ಈ ಭಾಗದ ಜನರಿಗೆ ಇದು ಹೊಸ ಪಾಠವಲ್ಲ. ಕೊಟ್ಟೂರಿನ ಗುರು ಬಸವೇಶ್ವರಸ್ವಾಮಿಯ ತೇರು ವರ್ಷಕ್ಕೆ ಒಂದು ಸಂಜೆ ಮಾತ್ರ ಸಾಗುತ್ತದೆ. ದಾವಣಗೆರೆಯ ಕಡೆಯಿಂದ ಕಾಲ್ನಡಿಗೆಯಲ್ಲಿ ಬರುವ ಭಕ್ತರು ಆ ಒಂದು ಸಂಜೆಗಾಗಿ ಮಾತ್ರ ಸಂತೋಷವನ್ನು ಕಾದಿಟ್ಟುಕೊಂಡಿರುವುದಿಲ್ಲ. ದಾರಿಯಲ್ಲಿ ಯಾರೋ ನೀಡಿದ ನೀರು, ಮರದ ನೆರಳಿನಲ್ಲಿ ಹಂಚಿಕೊಂಡ ಮಂಡಕ್ಕಿ, ಜೊತೆಯವರ ಮಾತು, ಇವೆಲ್ಲ ಸೇರಿಯೇ ಯಾತ್ರೆ. ಹಡಗಲಿಯ ಮಲ್ಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ಪಡೆದ ಹೂವು. ಮಾರುಕಟ್ಟೆಯಲ್ಲಿ ಅದರ ದರ ಏರಬಹುದು, ಇಳಿಯಬಹುದು. ಮೊಗ್ಗು ಬಿಡಿಸುವ ಕೈಗೆ ಅಂಟುವ ಕಂಪಿಗೆ ಏರಿಳಿತವಿಲ್ಲ.

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯದು ಇನ್ನೂ ಸ್ಪಷ್ಟವಾದ ನಿದರ್ಶನ. ಶತಮಾನಗಳ ಹಿಂದೆ ನೀರಾವರಿಗೆಂದು ಕಟ್ಟಿದ ಈ ಕೆರೆಯ ವಿಸ್ತಾರ 98.76 ಹೆಕ್ಟೇರ್. ಇಂದು ಅದು ಪಕ್ಷಿ ಸಂರಕ್ಷಣಾ ಮೀಸಲು ಪ್ರದೇಶ. 2024ರಲ್ಲಿ ಅದಕ್ಕೆ ಅಂತರರಾಷ್ಟ್ರೀಯ ಮಹತ್ವದ ರಾಮ್ಸರ್ ತಾಣವೆಂಬ ಮನ್ನಣೆ ದೊರೆಯಿತು. 30,000ಕ್ಕೂ ಹೆಚ್ಚು ನೀರುಹಕ್ಕಿಗಳಿಗೆ ಆಶ್ರಯ ನೀಡುವ ಆ ಕೆರೆಯಲ್ಲಿ ಬಣ್ಣದ ಕೊಕ್ಕರೆಗಳನ್ನು ನೋಡಲು ದೂರದಿಂದ ಜನ ಬರುತ್ತಾರೆ. ಅದೇ ಹಕ್ಕಿಗಳು ಅಲ್ಲಿನ ರೈತರ ತಲೆಯ ಮೇಲೆ ಬೆಳಗೂ ಸಂಜೆಯೂ ಹಾರಿ ಹೋಗುತ್ತವೆ. ತಲೆಯೆತ್ತಿ ನೋಡಲು ರಜೆ ಬೇಕಿಲ್ಲ, ಪ್ರವಾಸ ಭತ್ಯೆಯೂ ಬೇಕಿಲ್ಲ.

ಕೆಲಸ ಹೆಚ್ಚಿರುವವರಿಗೆ ಇದೆಲ್ಲ ಸಾಧ್ಯವೇ ಎಂಬ ಪ್ರಶ್ನೆ ಸಹಜ. ಕೂಡ್ಲಿಗಿ ಪಟ್ಟಣದಲ್ಲಿ ಮಹಾತ್ಮ ಗಾಂಧೀಜಿಯವರ ಚಿತಾಭಸ್ಮವಿರುವ ಸ್ಮಾರಕವಿದೆ. ದೇಶದ ಹೊಣೆ ಹೊತ್ತಿದ್ದ ಕಾಲದಲ್ಲಿಯೂ ಗಾಂಧೀಜಿ ನಿತ್ಯದ ನೂಲುವಿಕೆಯನ್ನು, ಪ್ರಾರ್ಥನೆಯನ್ನು, ನಡಿಗೆಯನ್ನು ಬಿಡಲಿಲ್ಲ. ಬಿಡುವು ಸಿಕ್ಕಾಗ ಮಾಡೋಣವೆಂದು ಅವರು ಅವನ್ನು ಬದಿಗಿಟ್ಟಿದ್ದರೆ ಆ ಬಿಡುವು ಎಂದಿಗೂ ಸಿಗುತ್ತಿರಲಿಲ್ಲ.

ಇಲ್ಲೊಂದು ಎಚ್ಚರಿಕೆ ಅಗತ್ಯ. ಸಂತೋಷವನ್ನು ಕಾಣುವುದೆಂದರೆ ಕೊರತೆಯನ್ನು ಮುಚ್ಚಿಡುವುದಲ್ಲ. ವಾರದಿಂದ ನೀರು ಬಾರದ ಓಣಿಯವರಿಗೆ ಇದ್ದುದರಲ್ಲಿ ತೃಪ್ತಿಪಡಿರೆಂದು ಉಪದೇಶಿಸುವ ಹಕ್ಕು ಯಾರಿಗೂ ಇಲ್ಲ. ಅಲ್ಲಿ ಮೊದಲು ಬೇಕಾದುದು ನೀರು. ಆದರೆ ಬೇಸತ್ತು ಬತ್ತಿದ ಮನಸ್ಸು ಆ ನೀರನ್ನು ತರಲು ಓಡಾಡಲಾರದು. ಹತ್ತನೆಯ ದೂರನ್ನೂ ಮೊದಲನೆಯದರಂತೆ ಸಮಾಧಾನದಿಂದ ಕೇಳಬೇಕಾದರೆ ಒಳಗೆ ಒಂದಿಷ್ಟು ಸಂಗ್ರಹ ಬೇಕು. ಕೆರೆ ತುಂಬುವುದು ಒಂದೇ ದೊಡ್ಡ ಮಳೆಯಿಂದಲ್ಲ. ಸುತ್ತಲಿನ ಹಳ್ಳ, ಕಾಲುವೆಗಳಿಂದ ಸ್ವಲ್ಪಸ್ವಲ್ಪವಾಗಿ ಬಂದು ಸೇರುವ ನೀರಿನಿಂದ. ಕಾಲುವೆಯ ಹೂಳು ತೆಗೆಯದಿದ್ದರೆ ಸುರಿದ ಮಳೆಯೂ ಕೆರೆಗೆ ಸೇರದು.

ಆ ಹೂಳು ತೆಗೆಯಲು ಕೆಲವು ಸುಲಭ ರೂಢಿಗಳು ಸಾಕು. ಪ್ರತಿ ದಿನ ತಮ್ಮ ವಾರ್ಡಿನಲ್ಲಿ ಸರಿಯಾಗಿ ನಡೆಯುತ್ತಿರುವ ಒಂದು ಕೆಲಸದ ಮುಂದೆ ಐದು ನಿಮಿಷ ನಿಲ್ಲುವುದು. ಅದನ್ನು ನಡೆಸುತ್ತಿರುವ ನೀರುಗಂಟಿ, ಸ್ವಚ್ಛತಾ ಸಿಬ್ಬಂದಿ ಅಥವಾ ಗ್ರಂಥಪಾಲಕರೊಡನೆ ಒಂದು ಒಳ್ಳೆಯ ಮಾತನಾಡುವುದು. ಅವರ ಕಿವಿಗೂ ದೂರೇ ಹೆಚ್ಚು ಬೀಳುತ್ತಿರುತ್ತದೆ. ಸಾಮಾನ್ಯ ಸಭೆಯಲ್ಲಿ ಕಾರ್ಯಸೂಚಿಗೆ ಮುನ್ನ ಒಬ್ಬ ಸದಸ್ಯರಾದರೂ ಆ ತಿಂಗಳು ಊರಿನಲ್ಲಿ ಕಂಡ ಒಂದು ಒಳಿತನ್ನು ಹೇಳುವುದು. ರಾತ್ರಿ ಊಟದ ವೇಳೆ ಮೊಬೈಲನ್ನು ದೂರವಿಟ್ಟು ಮನೆಯವರ ಮಾತಿಗೆ ಕಿವಿಗೊಡುವುದು. ಇವುಗಳಿಗೆ ಅನುದಾನ ಬೇಕಿಲ್ಲ, ಠರಾವೂ ಬೇಕಿಲ್ಲ.

ಗ್ರಾಮಸ್ವರಾಜ್ಯದ ಕನಸು ದೊಡ್ಡದು. ಅದನ್ನು ನನಸಾಗಿಸುವ ಕೆಲಸ ಮಾತ್ರ ನಲ್ಲಿ, ದೀಪ, ಚರಂಡಿಗಳಂತಹ ಸಣ್ಣ ಸಂಗತಿಗಳಲ್ಲಿಯೇ ನಡೆಯುತ್ತದೆ. ಆ ಸಣ್ಣ ಸಂಗತಿಗಳಲ್ಲಿ ಸಂತೋಷ ಕಾಣಬಲ್ಲ ಸದಸ್ಯರಿಗೆ ಅಧಿಕಾರದ 5 ವರ್ಷಗಳು ಹೊರೆಯಾಗದೆ ಬದುಕಿನ ಒಳ್ಳೆಯ ಭಾಗವಾಗಿ ಉಳಿಯುತ್ತವೆ. ಅಂತಹ ಸದಸ್ಯರಿರುವ ಊರಿನಲ್ಲಿ ಬಾಗಿಲು ತಟ್ಟಿದವರಿಗೆ ಪರಿಹಾರಕ್ಕೆ ಮೊದಲೇ ಒಂದು ನಗುಮುಖ ಎದುರಾಗುತ್ತದೆ.