ಮಳೆ ಎಷ್ಟು ಬಂತು, ಯಾವ ಕಡೆಯಿಂದ ಬಂತು?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಸಭೆಯಲ್ಲಿ ಮಾಡಿದ ಭಾಷಣ)



ತುಮಕೂರಿನಲ್ಲಿ ನನ್ನ ಅಕ್ಕನ ಮನೆ ತಗ್ಗಿನ ಬಡಾವಣೆಯಲ್ಲಿದೆ. ಒಂದು ಸಂಜೆ ಕಾಲುವೆ ಉಕ್ಕಿ ಮನೆಯೊಳಗೆ ಮೊಣಕಾಲುದ್ದ ನೀರು ನುಗ್ಗಿತು. ಅಕ್ಕಿ ಮೂಟೆ, ಮಕ್ಕಳ ಪುಸ್ತಕ ಎಲ್ಲ ನೆನೆದವು. "ಹೋದ ವಾರ ಇದಕ್ಕಿಂತ ಜೋರು ಮಳೆ ಬಂದಿತ್ತಲ್ಲೋ, ಆಗ ಏನೂ ಆಗಲಿಲ್ಲ" ಅಂದಳು ಅಕ್ಕ. ಕಸ ಕಟ್ಟಿದ್ದೂ ಕಾರಣವಿರಬಹುದು. ಆದರೆ ಆ ಮಾತಿನ ಹಿಂದೆ ಹೋದಾಗ ನಾನು ಕಲಿತದ್ದು ಬೇರೆಯೇ.

ಮಳೆ ನಿಂತಲ್ಲೇ ಸುರಿಯುವುದಿಲ್ಲ, ನಡೆಯುತ್ತದೆ. ಒಂದು ಕಾಲುವೆಗೆ ಮೇಲಿನ, ನಡುವಿನ, ಕೆಳಗಿನ ಮೂರು ಬೀದಿಗಳ ನೀರು ಸೇರುತ್ತದೆ ಎಂದುಕೊಳ್ಳಿ. ಬೀದಿಯಿಂದ ಬೀದಿಗೆ ನೀರು ಹರಿಯಲು 20 ನಿಮಿಷ ಬೇಕು. ಮೋಡವೂ ಅದೇ ವೇಗದಲ್ಲಿ ಕೆಳಮುಖವಾಗಿ ಬಂದರೆ ಮೂರೂ ಬೀದಿಯ ನೀರು ಕೆಳಗೆ ಒಂದೇ ಹೊತ್ತಿಗೆ ಕೂಡುತ್ತದೆ. ಮೋಡ ಕೆಳಗಿನಿಂದ ಮೇಲಕ್ಕೆ ಹೋದರೆ 40 ನಿಮಿಷಕ್ಕೊಂದು ಪಾಲಿನಂತೆ ಬಂದು ಹೋಗುತ್ತದೆ. ಮಳೆ ಅಷ್ಟೇ, ಪರಿಣಾಮ ಬೇರೆ. ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಎಲ್ಲರೂ ಒಟ್ಟಿಗೆ ನೋಡಹೋದರೆ ವೆಬ್‌ಸೈಟ್ ನಿಲ್ಲುವುದಿಲ್ಲವೇ, ಹಾಗೆ. ನಿಜದಲ್ಲಿ ಮೋಡ ನೀರಿಗಿಂತ ಬೇಗ ಸಾಗುವುದರಿಂದ ವ್ಯತ್ಯಾಸ ಇಷ್ಟು ದೊಡ್ಡದಿರದು. ಆದರೆ ಅಂಚಿನವರೆಗೆ ತುಂಬಿದ ಕಾಲುವೆ ಉಕ್ಕಲು ಸ್ವಲ್ಪವೇ ಸಾಕು.

ಕೆರೆಯ ಲೆಕ್ಕ ಬೇರೆ. ಒಂದು ಹೆಕ್ಟೇರಿನ ಮೇಲೆ 30 ಮಿ.ಮೀ. ಮಳೆ ಬಿದ್ದರೆ 3 ಲಕ್ಷ ಲೀಟರ್ ನೀರು. ತುಮಕೂರಿನ ಅಮಾನಿಕೆರೆ, ಗುಬ್ಬಿ ಕೆರೆ, ಕುಣಿಗಲ್ ದೊಡ್ಡಕೆರೆಗಳಂಥವು, ಒಳಗೆ ಜಾಗವಿದ್ದರೆ, ನೀರು ಯಾವ ಕ್ರಮದಲ್ಲಿ ಬಂದರೂ ಹಿಡಿದಿಟ್ಟುಕೊಳ್ಳುತ್ತವೆ. ಹೆಚ್ಚಾದದ್ದನ್ನು ಕೋಡಿಯಲ್ಲಿ ಬಿಡುತ್ತವೆ. ಕಾಲುವೆಗೆ ಆ ತಾಳ್ಮೆಯಿಲ್ಲ. ಅದಕ್ಕೇ ಮೇಲಿನ ಬೀದಿಗಳಲ್ಲಿ ಇಂಗುಗುಂಡಿ, ಸಣ್ಣ ಕಟ್ಟೆಗಳು ಬೇಕು. ಅವು ಒಂದು ಪಾಲನ್ನು ತಡೆದು ನಿಲ್ಲಿಸಿದರೆ ಕೆಳಗಿನ ಮನೆ ಉಳಿಯುತ್ತದೆ.

ಮಕ್ಕಳೇ, ನಿಮಗೊಂದು ಕೆಲಸ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಸ್ವಯಂಚಾಲಿತ ಮಳೆಮಾಪಕಗಳನ್ನು ಇಟ್ಟಿದೆ. ನಮ್ಮ ಶಾಲೆಯಲ್ಲೂ ಒಂದು ಮಳೆಮಾಪಕವಿರಲಿ. ಮಳೆ ಎಷ್ಟು ಬಂತೆಂಬುದರ ಜೊತೆಗೆ ಎಷ್ಟು ಗಂಟೆಗೆ ಶುರುವಾಯಿತೆಂದೂ ಬರೆದಿಡಿ. ಗುಬ್ಬಿ, ಕುಣಿಗಲ್, ತುಮಕೂರು, ಈ ಮೂರು ಕಡೆಯ ಶಾಲೆಗಳ ವೇಳೆ ಸಿಕ್ಕರೆ ಒಂದು ಮಳೆ ಯಾವ ದಿಕ್ಕಿನಲ್ಲಿ, ಯಾವ ವೇಗದಲ್ಲಿ ನಡೆಯಿತೆಂದು ಅಂದಾಜು ಮಾಡಬಹುದು. ಲೆಕ್ಕ ಮಾಡುವ ಪ್ರೋಗ್ರಾಂ ಬರೆದುಕೊಡುವ ಹೊಣೆ ನನ್ನದು. ಇದೇ ಶಾಲೆಯಲ್ಲಿ ಕಲಿತ ಗಣಿತದ ಋಣ ಅಷ್ಟಾದರೂ ತೀರಲಿ.