ವೇಲ್ಸಿನ ಜನ, ವೇಲ್ಸಿನ ನುಡಿ

ಬ್ರಿಟನ್ ಎಂದೊಡನೆ ನಮ್ಮ ನೆನಪಿಗೆ ಬರುವುದು ಲಂಡನ್ ನಗರ, ಪಾರ್ಲಿಮೆಂಟು, ಷೇಕ್ಸ್‌ಪಿಯರ್ ಮಹಾಕವಿ. ಅದೇ ದ್ವೀಪದ ಪಶ್ಚಿಮದ ಅಂಚಿನಲ್ಲಿ ವೇಲ್ಸ್ ಎಂಬ ಬೆಟ್ಟಗಾಡಿನ ನಾಡೊಂದಿದೆ. ಅದರ ವಿಸ್ತಾರ ಸುಮಾರು 8,000 ಚದರ ಮೈಲಿ. 1801ರ ಮೊದಲ ಜನಗಣತಿಯ ವೇಳೆಗೆ ಅಲ್ಲಿದ್ದವರು ಆರು ಲಕ್ಷಕ್ಕೂ ಕಡಿಮೆ ಜನ. ಅವರ ಭಾಷೆಯಾದ ವೆಲ್ಷ್, ಇಂಗ್ಲಿಷಿನ ಉಪಭಾಷೆಯೇನೂ ಅಲ್ಲ. ಅದು ಕೆಲ್ಟಿಕ್ ಕುಟುಂಬಕ್ಕೆ ಸೇರಿದ, ಬಹು ಪ್ರಾಚೀನವಾದ ಸಾಹಿತ್ಯವುಳ್ಳ ಬೇರೆಯೇ ಒಂದು ಭಾಷೆ.

1536ರ ಕಾಯಿದೆಯಿಂದ ವೇಲ್ಸ್ ಇಂಗ್ಲೆಂಡಿನೊಡನೆ ಸೇರಿಹೋಯಿತು. ನ್ಯಾಯಾಲಯದ ಭಾಷೆ ಇಂಗ್ಲಿಷ್ ಎಂದು ಗೊತ್ತಾಯಿತು. ಆದರೆ ಇನ್ನೂರೈವತ್ತು ವರ್ಷ ಕಳೆದ ಮೇಲೂ ಅಲ್ಲಿಯ ಬಹುಪಾಲು ಜನಕ್ಕೆ ವೆಲ್ಷ್ ಅಲ್ಲದೆ ಬೇರೆ ನುಡಿ ಬರುತ್ತಿರಲಿಲ್ಲ. ಕಟಕಟೆಯಲ್ಲಿ ನಿಂತ ರೈತ ತನ್ನ ಮೇಲಿನ ಆರೋಪವೇನೆಂಬುದನ್ನು ದುಭಾಷಿಯ ಬಾಯಿಂದ ಕೇಳಬೇಕಾಗಿತ್ತು. ಕಚೇರಿಯ ನುಡಿ ಒಂದು, ಒಲೆಯ ಮುಂದಿನ ನುಡಿ ಇನ್ನೊಂದು. 19ನೆಯ ಶತಮಾನದ ಮೊದಲ ಭಾಗದ ವೇಲ್ಸಿನ ಬಾಳುವೆಯನ್ನು ಅರಿಯಬೇಕಾದರೆ ಈ ಸಂಗತಿಯನ್ನು ಮರೆಯಬಾರದು.

ಅಲ್ಲಿಯ ರೈತನದು ಬಡತನದ ಬದುಕು. ಬೆಟ್ಟದ ಇಳಿಜಾರಿನ ಸಣ್ಣ ಹಿಡುವಳಿ, ಒಂದಿಷ್ಟು ಕುರಿ, ನಾಲ್ಕಾರು ಕಪ್ಪು ದನ. ಓಟ್ಸ್ ಹಿಟ್ಟಿನ ತೆಳುವಾದ ರೊಟ್ಟಿ, ಮಜ್ಜಿಗೆ - ಇವು ದಿನದ ಆಹಾರ. ಭೂಮಾಲೀಕನಿಗೆ ಗೇಣಿ ಕೊಡಲು ಬೇಕಾದ ಹಣ ದನ ಮಾರಿದಾಗಲೇ ಕೈಗೆ ಬರಬೇಕು. ದನಗಾಹಿ ವರ್ತಕರು ನೂರಾರು ದನಗಳನ್ನು ಒಟ್ಟುಗೂಡಿಸಿ, ದಾರಿಯಲ್ಲಿ ಗೊರಸು ಸವೆಯದಂತೆ ಲಾಳ ಹೊಡೆಸಿ, ವಾರಗಟ್ಟಲೆ ನಡೆಸಿಕೊಂಡು ಇಂಗ್ಲೆಂಡಿನ ಸಂತೆಗಳಿಗೆ, ಲಂಡನ್ನಿನವರೆಗೂ, ಹೋಗುತ್ತಿದ್ದರು. ಊರಿನವರ ಹಣವನ್ನು ನಂಬಿಕೆಯಿಂದ ಒಯ್ದು ತಲುಪಿಸುವವರೂ ಅವರೇ. 1799ರಲ್ಲಿ ಲ್ಯಾಂಡವರಿ ಎಂಬ ಊರಿನಲ್ಲಿ ಇಂಥ ವ್ಯಾಪಾರದಿಂದಲೇ ಒಂದು ಬ್ಯಾಂಕು ಹುಟ್ಟಿತು. ‘ಕರಿ ಎತ್ತಿನ ಬ್ಯಾಂಕು’ ಎಂದೇ ಅದರ ಹೆಸರು!

ಚಳಿಗಾಲದ ಸಂಜೆ ಬಾಲಾ ಊರಿನ ಸುತ್ತಿನ ಹಳ್ಳಿಗಳಲ್ಲಿ ನೆರೆಹೊರೆಯವರು ಒಂದು ಮನೆಯಲ್ಲಿ ಸೇರುತ್ತಿದ್ದರು. ಉಣ್ಣೆಯ ಕಾಲುಚೀಲ ಹೆಣೆಯುವುದು ಕೆಲಸ. ಕೈ ಹೆಣೆಯುತ್ತಿದ್ದಂತೆ ಕಿವಿ ಹಳೆಯ ಕಥೆ, ಹಾಡುಗಳನ್ನು ಕೇಳುತ್ತಿತ್ತು. ಅಜ್ಜಂದಿರ ನೆನಪು ಮೊಮ್ಮಕ್ಕಳಿಗೆ ಬಂದದ್ದು ಹೀಗೆ.

ಆದರೆ ಈ ಜನ ನಿರಕ್ಷರರಾಗಿಯೇ ಉಳಿಯಲಿಲ್ಲ. 18ನೆಯ ಶತಮಾನದಲ್ಲಿ ಗ್ರಿಫಿತ್ ಜೋನ್ಸ್ ಎಂಬ ಪಾದ್ರಿ ‘ಸಂಚಾರಿ ಶಾಲೆ’ಗಳನ್ನು ನಡೆಸಿದರು. ಗುರು ಒಂದು ಊರಿನಲ್ಲಿ ಕೆಲವು ತಿಂಗಳು ನಿಂತು, ಮಕ್ಕಳಿಗೂ ದೊಡ್ಡವರಿಗೂ ಅವರ ತಾಯ್ನುಡಿಯಲ್ಲೇ ಓದು ಕಲಿಸಿ, ಮುಂದಿನ ಊರಿಗೆ ಹೋಗುತ್ತಿದ್ದ. ಆಮೇಲೆ ಬಾಲಾದ ಥಾಮಸ್ ಚಾರ್ಲ್ಸ್ ಅವರ ಭಾನುವಾರದ ಶಾಲೆಗಳು ಬಂದವು. ಓದಲು ಕಲಿತವರಿಗೆ ಪುಸ್ತಕ ಸಿಗುವುದೇ ಕಷ್ಟ. 1800ರಲ್ಲಿ ಮೇರಿ ಜೋನ್ಸ್ ಎಂಬ ನೇಕಾರರ ಮನೆಯ ಹುಡುಗಿ ತಾನು ಕೂಡಿಸಿದ್ದ ಹಣದೊಡನೆ ಸುಮಾರು 25 ಮೈಲಿ ನಡೆದು, ಚಾರ್ಲ್ಸ್ ಅವರಿಂದ ವೆಲ್ಷ್ ಬೈಬಲ್ ಪಡೆದಳು. 1804ರಲ್ಲಿ ಲಂಡನ್ನಿನಲ್ಲಿ ಬೈಬಲ್ ಸೊಸೈಟಿ ಸ್ಥಾಪನೆಯಾಗಲು ಇಂಥ ಹಂಬಲವೂ ಒಂದು ಕಾರಣವಾಯಿತು.

ನೆನಪಿನ ಶಕ್ತಿ ಎಂಥದು ಎಂಬುದಕ್ಕೆ ಇನ್ನೊಂದು ನಿದರ್ಶನವುಂಟು. ಆ್ಯನ್ ಗ್ರಿಫಿತ್ಸ್ ಎಂಬಾಕೆ ಒಬ್ಬ ರೈತನ ಮಗಳು. ಭಕ್ತಿಯ ಆವೇಶದಲ್ಲಿ ಆಕೆ ಕೀರ್ತನೆಗಳನ್ನು ಕಟ್ಟಿ ಹೇಳುತ್ತಿದ್ದಳು. ಬರೆದಿಡುತ್ತಿದ್ದದ್ದು ತೀರ ಅಪರೂಪ. 1805ರಲ್ಲಿ, ಇಪ್ಪತ್ತೊಂಬತ್ತರ ವಯಸ್ಸಿನಲ್ಲಿ, ಹೆರಿಗೆಯ ತರುವಾಯ ಆಕೆ ತೀರಿಕೊಂಡಳು. ಕೂಸೂ ಉಳಿಯಲಿಲ್ಲ. ಅಲ್ಲಿಗೆ ಆ ಹಾಡುಗಳೂ ಮುಗಿದುಹೋಗಬೇಕಾಗಿತ್ತು. ಆದರೆ ಮನೆಗೆಲಸದ ರೂತ್ ಇವಾನ್ಸ್ ಅವುಗಳನ್ನು ಬಾಯಿಪಾಠ ಮಾಡಿಕೊಂಡಿದ್ದಳು. ರೂತ್‌ಗೆ ಬರೆಯಲು ಬಾರದು. ಆಕೆ ಒಂದೊಂದಾಗಿ ಹೇಳಿದಳು. ಆಕೆಯ ಗಂಡ ಜಾನ್ ಹ್ಯೂಸ್ ಬರೆದುಕೊಂಡ. 1806ರಲ್ಲಿ ಅವು ಅಚ್ಚಾದವು. ಇಂದು ವೆಲ್ಷ್ ಸಾಹಿತ್ಯದ ಶ್ರೇಷ್ಠ ಕೃತಿಗಳ ಸಾಲಿನಲ್ಲಿ ಎಣಿಸುವ ಈ ಪದ್ಯಗಳು ಉಳಿದದ್ದು ಓದು ಬರಹ ತಿಳಿಯದ ಒಬ್ಬ ಹೆಣ್ಣಿನ ಕಂಠದಲ್ಲಿ.

ಇತ್ತ ದಕ್ಷಿಣದ ಕಣಿವೆಗಳಲ್ಲಿ ಬೇರೆಯೇ ಒಂದು ಪ್ರಪಂಚ ಬೆಳೆಯುತ್ತಿತ್ತು. ಮರ್ಥರ್ ಟಿಡ್ವಿಲ್ ಪಟ್ಟಣದ ಕಬ್ಬಿಣದ ಕುಲುಮೆಗಳ ಬೆಂಕಿ ಇರುಳಿನಲ್ಲಿ ಆಕಾಶವನ್ನೇ ಕೆಂಪಾಗಿಸುತ್ತಿತ್ತು. 1804ರಲ್ಲಿ ಟ್ರೆವಿಥಿಕ್ ಎಂಬ ಯಂತ್ರಶಿಲ್ಪಿಯ ಉಗಿಯಂತ್ರ ಹತ್ತು ಟನ್ ಕಬ್ಬಿಣವನ್ನು ಹಳಿಯ ಮೇಲೆ ಎಳೆದದ್ದು ಇಲ್ಲಿಯೇ. ಹಳ್ಳಿ ಬಿಟ್ಟು ಬಂದ ಜನಕ್ಕೆ ಕೂಲಿ ಸಿಕ್ಕಿತು. ಅದರ ಜೊತೆಗೆ ಇಕ್ಕಟ್ಟಿನ ಮನೆ, ಕಾಯಿಲೆ, ಸಾಲವೂ ಬಂದವು. ಕೂಲಿ ಇಳಿಸಿದ್ದರಿಂದ, ಸಾಲಕ್ಕಾಗಿ ಮನೆಯ ಸಾಮಾನು ಜಪ್ತಿ ಮಾಡಿದ್ದರಿಂದ 1831ರ ಜೂನ್ ತಿಂಗಳಿನಲ್ಲಿ ಜನ ದಂಗೆಯೆದ್ದರು. ಸೈನಿಕರ ಗುಂಡಿಗೆ ಹದಿನಾರು ಮಂದಿಯಾದರೂ ಬಲಿಯಾದರು. ಒಬ್ಬ ಸೈನಿಕನನ್ನು ಗಾಯಗೊಳಿಸಿದನೆಂದು ರಿಚರ್ಡ್ ಲೂಯಿಸ್ ಎಂಬ ತರುಣನನ್ನು ಆಗಸ್ಟ್ 13ರಂದು ಕಾರ್ಡಿಫ್‌ನಲ್ಲಿ ಗಲ್ಲಿಗೇರಿಸಿದರು. ಅವನು ನಿರಪರಾಧಿ ಎಂದು ಸಾವಿರಾರು ಜನ ಸಹಿ ಹಾಕಿದ ಮನವಿ ವ್ಯರ್ಥವಾಯಿತು.

ಪಶ್ಚಿಮದ ರೈತರ ಸಿಟ್ಟು ತಿರುಗಿದ್ದು ಸುಂಕದ ಕಟ್ಟೆಗಳ ಮೇಲೆ. ಹೊಲಕ್ಕೆ ಹಾಕುವ ಸುಣ್ಣವನ್ನು ಗಾಡಿಯಲ್ಲಿ ತರುವ ರೈತ, ಸುಣ್ಣಕ್ಕೆ ತೆತ್ತದ್ದಕ್ಕಿಂತ ಹೆಚ್ಚನ್ನು ಕೆಲವೊಮ್ಮೆ ರಸ್ತೆಯ ಸುಂಕಕ್ಕೆ ತೆರಬೇಕಿತ್ತು. 1839ರ ಮೇ ತಿಂಗಳ ಒಂದು ರಾತ್ರಿ, ಮುಖಕ್ಕೆ ಮಸಿ ಬಳಿದು ಹೆಂಗಸರ ಉಡುಪು ತೊಟ್ಟ ಗಂಡಸರು ಎವೈಲ್‌ವೆನ್‌ನ ಸುಂಕದ ಗೇಟನ್ನು ಒಡೆದುಹಾಕಿದರು. ಅವರ ನಾಯಕನ ಹೆಸರು ‘ರೆಬೆಕಾ’, ಉಳಿದವರು ಅವಳ ಹೆಣ್ಣುಮಕ್ಕಳು! ವೈರಿಗಳ ಬಾಗಿಲನ್ನು ರೆಬೆಕಾಳ ಸಂತತಿ ವಶಪಡಿಸಿಕೊಳ್ಳಲಿ ಎಂಬ ಹರಕೆ ಬೈಬಲಿನಲ್ಲಿದೆ. ಭಾನುವಾರದ ಶಾಲೆಯಲ್ಲಿ ಕಲಿತದ್ದು ಹೀಗೂ ಉಪಯೋಗಕ್ಕೆ ಬಂತು. ಈ ವೇಷದ ಹಿಂದೆ ಬರಿಯ ತಮಾಷೆಯಿರಲಿಲ್ಲ. 1843ರಲ್ಲಿ ಹೆಂಡಿ ಎಂಬಲ್ಲಿ ಗೇಟು ಕಾಯುತ್ತಿದ್ದ ಬಡ ಮುದುಕಿಯೊಬ್ಬಳು ಪ್ರಾಣ ಕಳೆದುಕೊಂಡಳು. 1844ರಲ್ಲಿ ಸರ್ಕಾರ ಕಾಯಿದೆ ತಂದು ರಸ್ತೆಗಳ ಆಡಳಿತವನ್ನು ಸರಿಪಡಿಸಿ, ಸುಣ್ಣದ ಮೇಲಿನ ಸುಂಕವನ್ನು ಅರ್ಧಕ್ಕೆ ಇಳಿಸಿತು.

ಈ ಗಲಭೆಗಳಿಗೆಲ್ಲ ಅಜ್ಞಾನವೇ ಮೂಲವೆಂದು ಬಗೆದವರು ಲಂಡನ್ನಿನಲ್ಲಿ ಅನೇಕರಿದ್ದರು. ಶಾಲೆಗಳನ್ನು ಪರೀಕ್ಷಿಸಲು ಮೂವರು ಇಂಗ್ಲಿಷ್ ಅಧಿಕಾರಿಗಳು ಬಂದರು. ಮೂವರಿಗೂ ವೆಲ್ಷ್ ಬಾರದು. 1847ರ ಅವರ ವರದಿ, ಶಾಲೆಗಳ ದುಃಸ್ಥಿತಿಯನ್ನು ತಿಳಿಸಿದ್ದಲ್ಲದೆ, ಜನರ ಭಾಷೆಯೇ ಅವರ ಏಳಿಗೆಗೆ ಅಡ್ಡಿ ಎಂದು ತೀರ್ಪಿತ್ತಿತು. ನೀಲಿ ರಟ್ಟಿನ ಆ ಸಂಪುಟಗಳನ್ನು ಜನ ‘ನೀಲಿ ಪುಸ್ತಕಗಳ ದ್ರೋಹ’ ಎಂದು ಕರೆದರು. ಕೆಲವು ಶಾಲೆಗಳಲ್ಲಿ ವೆಲ್ಷ್ ಮಾತಾಡಿ ಸಿಕ್ಕಿಬಿದ್ದ ಮಗುವಿನ ಕೊರಳಿಗೆ ಮರದ ತುಂಡೊಂದನ್ನು ನೇತುಹಾಕುತ್ತಿದ್ದರು. ಆ ಮಗು ತನ್ನಂತೆ ತಪ್ಪಿದ ಇನ್ನೊಂದು ಮಗುವನ್ನು ಹಿಡಿದು ಅದನ್ನು ದಾಟಿಸಬೇಕು. ಸಂಜೆ ಯಾರ ಕೊರಳಲ್ಲಿ ಉಳಿಯಿತೋ ಅವರಿಗೆ ಏಟು. ತಾಯಿಯ ಮಾತಾಡಿದ್ದಕ್ಕೆ ಶಿಕ್ಷೆ. ಗೆಳೆಯನನ್ನು ಒಪ್ಪಿಸಿದರೆ ಬಿಡುಗಡೆ!

ಆದರೂ ಭಾಷೆ ಬದುಕಿತು. ಐಸ್ಟೆಧ್‌ವೊದ್ ಎಂಬ ಕವಿಸಮ್ಮೇಳನಗಳು ಮತ್ತೆ ಚಿಗುರಿದವು. 1819ರಲ್ಲಿ ಕಾರ್ಮಾರ್ಥೆನ್‌ನಲ್ಲಿ, ಕಲ್ಲುಕುಟಿಗ ವೃತ್ತಿಯ ಯೋಲೊ ಮೊರ್ಗಾನುಗ್ ತಾನೇ ಕಲ್ಪಿಸಿದ ಕವಿಕೂಟದ ವಿಧಿಗಳನ್ನು ಅದಕ್ಕೆ ಜೋಡಿಸಿದ. ಅವು ಪ್ರಾಚೀನವಲ್ಲವೆಂದು ವಿದ್ವಾಂಸರು ಆಮೇಲೆ ತೋರಿಸಿಕೊಟ್ಟರು. ಉತ್ಸವ ಮಾತ್ರ ನಿಲ್ಲಲಿಲ್ಲ. 1841ರಲ್ಲಿ ಚಿರಾಪುಂಜಿಗೆ ಬಂದ ವೇಲ್ಸಿನ ಥಾಮಸ್ ಜೋನ್ಸ್, ಖಾಸಿ ಭಾಷೆಯನ್ನು ರೋಮನ್ ಅಕ್ಷರಗಳಲ್ಲಿ ಬರೆಯುವಾಗ ತನ್ನ ನುಡಿಯ ಕಾಗುಣಿತವನ್ನೇ ಅನುಸರಿಸಿದ. ಆ ಗುರುತು ನಮ್ಮ ಮೇಘಾಲಯದಲ್ಲಿ ಇಂದಿಗೂ ಇದೆ.

2011ರ ಶಾಸನದಿಂದ ವೆಲ್ಷ್ ಭಾಷೆಗೆ ವೇಲ್ಸಿನಲ್ಲಿ ಅಧಿಕೃತ ಸ್ಥಾನ ಖಚಿತವಾಗಿದೆ. ಆದರೆ 2021ರ ಜನಗಣತಿಯಂತೆ ಅದನ್ನು ಆಡಬಲ್ಲವರು ಸುಮಾರು 5,38,000 ಮಂದಿ. ನೂರಕ್ಕೆ ಹದಿನೆಂಟರಷ್ಟೂ ಇಲ್ಲ. ಕಾಯಿದೆ ಭಾಷೆಗೆ ಮಾನ ಕೊಡಬಹುದು. ಅದನ್ನು ಮುಂದಿನ ತಲೆಮಾರಿಗೆ ದಾಟಿಸುವ ಕೆಲಸ, ರೂತ್ ಇವಾನ್ಸಳ ಕಾಲದಲ್ಲಿದ್ದಂತೆ ಈಗಲೂ, ಮನೆಯವರದೇ ಆಗಿದೆ.